ಎಲ್ಲ ವಿಷಯಕ್ಕೂ ಒಂದೇ ಪುಸ್ತಕ: ಮೂರನೇ ತರಗತಿಯ ಟರ್ಮ್ ವರ್ಕ್‌ಬುಕ್ ಕೊಳ್ಳುವ ಮುನ್ನ

ಯಾವುದೇ ಟರ್ಮ್ ವರ್ಕ್‌ಬುಕ್ ಕೈಗೆ ಬಂದರೂ ಮೊದಲು ಗಡಿಯಾರದ ಪುಟ ತೆರೆದು ನೋಡಿ. ಎರಡೂವರೆ ಗಂಟೆಯ ಚಿತ್ರದಲ್ಲಿ ನಿಮಿಷದ ಮುಳ್ಳು 6ರ ಮೇಲಿರುತ್ತದೆ, ಅದನ್ನು ಯಾರೂ ತಪ್ಪು ಬರೆಯುವುದಿಲ್ಲ. ಗಂಟೆಯ ಮುಳ್ಳು ಎಲ್ಲಿದೆ ನೋಡಿ. 2 ಮತ್ತು 3ರ ನಟ್ಟನಡುವೆ ಇದ್ದರೆ ಪುಸ್ತಕ ಮಾಡಿದವರಿಗೆ ಮಕ್ಕಳು ಎಲ್ಲಿ ಎಡವುತ್ತಾರೆಂಬುದು ಗೊತ್ತಿದೆ. ನೇರವಾಗಿ 2ರ ಮೇಲೆ ಇದ್ದರೆ ಅದನ್ನು ಅಲ್ಲೇ ಇಟ್ಟು ಮುಂದಿನದನ್ನು ತೆಗೆಯಿರಿ. ಗಂಟೆಯ ಮುಳ್ಳು ಗಂಟೆಗೆ 30 ಡಿಗ್ರಿಯಂತೆ, ಅಂದರೆ ನಿಮಿಷಕ್ಕೆ ಅರ್ಧ ಡಿಗ್ರಿಯಂತೆ ಸರಿಯುತ್ತಲೇ ಇರುತ್ತದೆ. ತಪ್ಪು ಚಿತ್ರದಲ್ಲಿ ಕಲಿತ ಮಗು, ಗೋಡೆ ಗಡಿಯಾರದಲ್ಲಿ 3:45 ಆದಾಗ 4ರ ಹತ್ತಿರಕ್ಕೆ ಬಂದ ಮುಳ್ಳನ್ನು ಕಂಡು 4:45 ಎನ್ನುತ್ತದೆ. ಆ ತಪ್ಪನ್ನು ಕಲಿಸಿದ್ದು ಪುಸ್ತಕ.

ಇಂಥ ವರ್ಕ್‌ಬುಕ್‌ಗಳ ಉದ್ದೇಶ ಸರಳ. ಒಂದು ಟರ್ಮ್‌ನಲ್ಲಿ ಏಳೆಂಟು ವರ್ಷದ ಮಗು ಕಲಿಯಬೇಕಾದ ಭಾಷೆ, ಗಣಿತ, ಪರಿಸರ ಅಧ್ಯಯನ, ಸ್ವಲ್ಪ ಚಿತ್ರಕಲೆ, ಸ್ವಲ್ಪ ದೈಹಿಕ ಶಿಕ್ಷಣ ಎಲ್ಲವನ್ನೂ ಒಂದೇ ಹೊದಿಕೆಯೊಳಗೆ ತರುವುದು. ಕೆಲವುದರ ಜೊತೆ ಒಂದು ಸಾಮಗ್ರಿ ಪೆಟ್ಟಿಗೆಯೂ ಬರುತ್ತದೆ: ಸ್ಥಾನಬೆಲೆಯ ಘನ ತುಂಡುಗಳು, ರಟ್ಟಿನ ಗಡಿಯಾರ, ಸ್ಕೇಲು, ಅಯಸ್ಕಾಂತ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಗಣಿತಕ್ಕೆ ಈ ಬಗೆಯ ಪುಸ್ತಕ ಚೆನ್ನಾಗಿ ಒದಗುತ್ತದೆ, ಭಾಷೆಗೆ ಅರ್ಧ, ವಿಜ್ಞಾನಕ್ಕೆ ತೀರ ಕಡಿಮೆ. ಕೈಯಲ್ಲಿ ಮಾಡಿ ನೋಡಬೇಕಾದ್ದನ್ನು ಗೆರೆ ಎಳೆದು ಹೊಂದಿಸುವ ಪ್ರಶ್ನೆಯಾಗಿ ಮಾಡಿಬಿಡುವುದೇ ಇವುಗಳ ದೊಡ್ಡ ಕೊರತೆ.

ಗಣಿತದಲ್ಲಿ ಈ ಟರ್ಮ್‌ನ ಬೆನ್ನೆಲುಬು ಮೂರಂಕಿ ಸಂಖ್ಯೆಗಳು. ಮುನ್ನೂರ ಐದು ಎಂದು ಹೇಳಿ ಬರೆಸಿದರೆ ಬಹಳ ಮಕ್ಕಳು 3005 ಬರೆಯುತ್ತಾರೆ. ಕಿವಿಗೆ ಬಿದ್ದಂತೆ 300 ಬರೆದು ಪಕ್ಕದಲ್ಲಿ 5 ಇಟ್ಟಿರುತ್ತಾರೆ, ಅಷ್ಟೆ. ಹೀಗಾಗಿ ಸ್ಥಾನಬೆಲೆಯ ಅಧ್ಯಾಯದಲ್ಲಿ ಹತ್ತರ ಸ್ಥಾನ ಖಾಲಿ ಇರುವ ಸಂಖ್ಯೆಗಳು ಎಷ್ಟಿವೆ ಎಂದು ಎಣಿಸಿ. 347, 528, 691 ಇಂಥವೇ ತುಂಬಿದ್ದರೆ ಮಗು ಎಡವುವ ಜಾಗಕ್ಕೆ ಪುಸ್ತಕ ಕಾಲೇ ಇಟ್ಟಿಲ್ಲ. 305, 601, 900 ಇಂಥವು ಕನಿಷ್ಠ ಮೂರರಲ್ಲಿ ಒಂದಾದರೂ ಇರಬೇಕು.

ಕಳೆಯುವ ಲೆಕ್ಕಕ್ಕೆ ಬರೋಣ. 402ರಲ್ಲಿ 178 ಕಳೆದರೆ 224. ಮಗು 376 ಬರೆದಿದ್ದರೆ ಅದು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ: 8ರಲ್ಲಿ 2, 7ರಲ್ಲಿ 0, 4ರಲ್ಲಿ 1. ಅದೇ 234 ಬರೆದಿದ್ದರೆ ಸಾಲ ಪಡೆಯುವುದು ಗೊತ್ತು, ಆದರೆ ನೂರನ್ನು ಬಿಡಿಸಿ ಬಂದ ಹತ್ತು ಹತ್ತುಗಳಲ್ಲಿ ಒಂದನ್ನು ಬಿಡಿಗೆ ಕೊಟ್ಟ ಮೇಲೆ ಅಲ್ಲಿ 9 ಉಳಿಯುತ್ತದೆ ಎಂಬುದು ಮರೆತಿದೆ. ಎರಡೂ ಬೇರೆ ಬೇರೆ ಕಾಯಿಲೆ, ಮದ್ದೂ ಬೇರೆ. ಮೊದಲ ಮಗುವಿಗೆ ಮತ್ತೆ ಘನ ತುಂಡುಗಳು ಬೇಕು. ಎರಡನೆಯದಕ್ಕೆ ನಡುವಿನ ಹೆಜ್ಜೆಯನ್ನು ಬರೆದು ತೋರಿಸಲು ಲೆಕ್ಕದ ಮೇಲೆ ಖಾಲಿ ಜಾಗ ಸಾಕು. ಪುಸ್ತಕದ ಕೊನೆಯ ಉತ್ತರ ಪುಟದಲ್ಲಿ 224 ಎಂದಷ್ಟೇ ಇದ್ದರೆ ಪೋಷಕರು ಎರಡಕ್ಕೂ ಒಂದೇ ರೈಟ್-ರಾಂಗ್ ಹಾಕುತ್ತಾರೆ. ಒಳ್ಳೆಯ ಪುಸ್ತಕದ ಉತ್ತರ ಪುಟ ಸಾಮಾನ್ಯ ತಪ್ಪು ಉತ್ತರಗಳನ್ನೂ ಅವು ಬಂದ ದಾರಿಯನ್ನೂ ಬರೆದಿರುತ್ತದೆ. ಅಂಥದ್ದು ಸಿಕ್ಕರೆ ಬಿಡಬೇಡಿ.

ಇಲ್ಲಿ ಪೆಟ್ಟಿಗೆಯ ಘನ ತುಂಡುಗಳ ವಿಚಾರ ಹೇಳಲೇಬೇಕು. ಬಿಡಿ ತುಂಡು 1 ಸೆಂ.ಮೀ. ಘನ, ಹತ್ತರ ಕಡ್ಡಿ, ನೂರರ ಹಲಗೆ, ಈ ಅಳತೆ ಎಲ್ಲ ಕಡೆಯೂ ಸರಿಯಾಗಿಯೇ ಇರುತ್ತದೆ. ಎಡವಟ್ಟಾಗುವುದು ಎಣಿಕೆಯಲ್ಲಿ. 10 ಬಿಡಿ, 10 ಕಡ್ಡಿ, 5 ಹಲಗೆ ಕೊಟ್ಟು ಪೆಟ್ಟಿಗೆ ಮುಚ್ಚಿರುತ್ತಾರೆ. 402 ಜೋಡಿಸಿ, ಒಂದು ಹಲಗೆಯನ್ನು ಹತ್ತು ಕಡ್ಡಿಗೂ ಅದರಲ್ಲಿ ಒಂದು ಕಡ್ಡಿಯನ್ನು ಬಿಡಿಗೂ ಬದಲಾಯಿಸಿದ ಕೂಡಲೇ ಮಗುವಿನ ಮುಂದೆ 12 ಬಿಡಿ ತುಂಡುಗಳಿರಬೇಕು. 248ಕ್ಕೆ 379 ಕೂಡಿಸಲು 17 ಬಿಡಿ, 11 ಕಡ್ಡಿ ಬೇಕು. 20 ಬಿಡಿ, 20 ಕಡ್ಡಿ, 10 ಹಲಗೆ ಇದ್ದರೆ ಈ ಟರ್ಮ್‌ನ ಮೂರಂಕಿ ಲೆಕ್ಕಗಳು ಸರಾಗವಾಗಿ ನಡೆಯುತ್ತವೆ. ಅದಕ್ಕಿಂತ ಕಡಿಮೆಯಿದ್ದರೆ ಬದಲಾಯಿಸುವ ಹೊತ್ತಿಗೆ ತುಂಡು ಮುಗಿದು, ಮಗು ಕಡ್ಡಿಯನ್ನು ಅಲ್ಲೇ ಬಿಟ್ಟು ಬೆರಳು ಎಣಿಸತೊಡಗುತ್ತದೆ. ಕಮ್ಮಿ ಬಿದ್ದಲ್ಲಿ 1 ಸೆಂ.ಮೀ. ಚೌಕದ ಗ್ರಾಫ್ ಹಾಳೆಯನ್ನು ರಟ್ಟಿಗೆ ಅಂಟಿಸಿ ಕತ್ತರಿಸಿಕೊಂಡರೂ ಕೆಲಸ ಆಗುತ್ತದೆ.

ಮಗ್ಗಿಗೆ ಬಹುತೇಕ ಪುಸ್ತಕಗಳು ನಾಲ್ಕೈದು ಪುಟ ಕೊಟ್ಟು 2ರಿಂದ 10ರವರೆಗೆ ಬರೆಸುತ್ತವೆ. ಮಗ್ಗಿ ಬಾಯಿಗೆ ಬರಲೇಬೇಕು, ಅದರಲ್ಲಿ ನಮಗೆ ಅನುಮಾನವಿಲ್ಲ. ಆದರೆ ಏಳೆಂಟಲ ಎಷ್ಟು ಎಂದು ಕೇಳಿದರೆ ಏಳೊಂದ್ಲ ಏಳರಿಂದ ಶುರು ಮಾಡುವ ಮಗುವಿಗೆ ಸಾಲು ಗೊತ್ತು, ಸಂಖ್ಯೆ ಗೊತ್ತಿಲ್ಲ. 10×10ರ ಚೌಕದಲ್ಲಿ ನೂರು ಮನೆ. 4×6 ಮತ್ತು 6×4 ಒಂದೇ ಎಂದು ತಿಳಿದರೆ ಉಳಿಯುವುದು 55. ಅದರಲ್ಲಿ 1, 2, 5, 10ರ ಮಗ್ಗಿಗಳು ಸುಲಭವಾಗಿ ಬರುತ್ತವೆ. ಅವನ್ನು ತೆಗೆದರೆ ನಿಜವಾಗಿ ಬೆವರು ಸುರಿಸಬೇಕಾದ್ದು 21 ಮಾತ್ರ: 3, 4, 6, 7, 8, 9 ಇವುಗಳು ತಮ್ಮತಮ್ಮಲ್ಲೇ ಗುಣಿಸಿಕೊಳ್ಳುವವು. ಈ 21ನ್ನು ಚೀಟಿಗಳಲ್ಲಿ ಬರೆದು ಕಲೆಸಿ ದಿನಕ್ಕೆ ಐದು ನಿಮಿಷ ಕೇಳಿದರೆ ಆರು ವಾರದ ಕೆಲಸ. 7×8 ನೆನಪಾಗದಿದ್ದರೆ 7×5 ಮತ್ತು 7×3 ಸೇರಿಸು, 35ಕ್ಕೆ 21, ಒಟ್ಟು 56 ಎಂಬ ದಾರಿಯನ್ನು ಚುಕ್ಕಿಗಳ ಸಾಲಿನ ಚಿತ್ರದಲ್ಲಿ ಅಡ್ಡಗೆರೆ ಎಳೆದು ತೋರಿಸುವ ಪುಸ್ತಕ ನಿಮ್ಮ ಕೈಯಲ್ಲಿದ್ದರೆ ಅದು ಒಳ್ಳೆಯ ಪುಸ್ತಕ.

ಮಾತಿನ ಲೆಕ್ಕಗಳಲ್ಲಿ ಇನ್ನೊಂದು ಹಳ್ಳವಿದೆ. ಪುಟದ ತಲೆಯಲ್ಲಿ ‘ವ್ಯವಕಲನ’ ಎಂದು ಬರೆದು ಕೆಳಗೆ ಹತ್ತು ಲೆಕ್ಕ ಕೊಟ್ಟರೆ ಮಗು ಓದುವುದೇ ಇಲ್ಲ, ಎರಡು ಸಂಖ್ಯೆ ಹುಡುಕಿ ಕಳೆದುಬಿಡುತ್ತದೆ. ಶೀರ್ಷಿಕೆ ಮುಚ್ಚಿ ಈ ಲೆಕ್ಕ ಕೊಟ್ಟು ನೋಡಿ: “ರವಿಯ ಬಳಿ 24 ಗೋಲಿಗಳಿವೆ. ಅವು ಗೀತಾಳ ಬಳಿ ಇರುವುದಕ್ಕಿಂತ 6 ಹೆಚ್ಚು. ಗೀತಾಳ ಬಳಿ ಎಷ್ಟಿವೆ?” ‘ಹೆಚ್ಚು’ ಕಂಡ ಕೂಡಲೇ 30 ಎನ್ನುವ ಮಕ್ಕಳೇ ಜಾಸ್ತಿ. ‘ಒಟ್ಟು ಎಂದರೆ ಕೂಡು, ಉಳಿದದ್ದು ಎಂದರೆ ಕಳೆ’ ಎಂಬ ಸುಳಿವಿನ ಪಟ್ಟಿಯನ್ನೇ ಪುಸ್ತಕ ಕೊಟ್ಟಿದ್ದರೆ ಆ ಪಟ್ಟಿಯ ಮೇಲೆ ಖಾಲಿ ಹಾಳೆ ಅಂಟಿಸಿ. ಇಬ್ಬರಿಗೂ ಒಂದೊಂದು ಪಟ್ಟಿ ಚಿತ್ರ ಬರೆದು ಯಾರದ್ದು ಉದ್ದ ಎಂದು ಮೊದಲು ಕೇಳಿದರೆ 18 ತಾನೇ ಬರುತ್ತದೆ.

ಭಿನ್ನರಾಶಿಯಲ್ಲಿ ನೋಡಬೇಕಾದ್ದು ಸಮ ಭಾಗ. ಬಣ್ಣ ತುಂಬುವ ಚಿತ್ರಗಳೆಲ್ಲ ಮೊದಲೇ ಸಮನಾಗಿ ಕತ್ತರಿಸಿದ್ದರೆ ಮಗು ಬರೀ ತುಂಡು ಎಣಿಸುತ್ತದೆ. ಅಸಮವಾಗಿ ಮೂರು ಪಾಲು ಮಾಡಿದ ಚಿತ್ರವೂ ಇದ್ದು, “ಇದು ಮೂರನೇ ಒಂದು ಭಾಗವೇ? ಏಕೆ ಅಲ್ಲ?” ಎಂಬ ಪ್ರಶ್ನೆ ಇರಬೇಕು. ನಾಲ್ಕನೇ ಒಂದು ಭಾಗ ಮೂರನೇ ಒಂದಕ್ಕಿಂತ ದೊಡ್ಡದು, ಏಕೆಂದರೆ 4 ದೊಡ್ಡದು ಎಂಬ ತಪ್ಪಿಗೆ ಕಾಗದದ ಪಟ್ಟಿಯಷ್ಟು ಒಳ್ಳೆಯ ಉತ್ತರ ಬೇರೆ ಇಲ್ಲ. ಪಟ್ಟಿಯನ್ನು 24 ಸೆಂ.ಮೀ. ಉದ್ದಕ್ಕೇ ಕತ್ತರಿಸಿ. ಅರ್ಧ 12, ಮೂರನೇ ಒಂದು 8, ನಾಲ್ಕನೇ ಒಂದು 6, ಆರನೇ ಒಂದು 4, ಎಂಟನೇ ಒಂದು 3 ಸೆಂ.ಮೀ., ಎಲ್ಲವೂ ಪೂರ್ಣ ಸಂಖ್ಯೆಯಲ್ಲಿ ಬರುತ್ತವೆ. ಕೆಲವು ಪೆಟ್ಟಿಗೆಗಳಲ್ಲಿ 20 ಸೆಂ.ಮೀ. ಪಟ್ಟಿ ಬರುತ್ತದೆ. ಅದನ್ನು ಸ್ಕೇಲಿನಲ್ಲಿ ಅಳೆದು ಮೂರು ಪಾಲು ಮಾಡಲು ಹೊರಟ ಮಗುವಿಗೆ ಒಂದು ತುಂಡು ಗಿಡ್ಡವಾಗಿ, ಪಾಠವೇ ತಲೆಕೆಳಗಾಗುತ್ತದೆ.

ಅಳತೆಗೆ ಒಂದೇ ಮಾತು. ಸ್ಕೇಲಿನ ಅಂಚಿನಿಂದಲೋ 1ರಿಂದಲೋ ಅಳೆಯುವ ಮಗು ಯಾವಾಗಲೂ ತಪ್ಪು ಉದ್ದ ಹೇಳುತ್ತದೆ. ಮುರಿದ ಸ್ಕೇಲಿನ ಚಿತ್ರದಲ್ಲಿ 3ರಿಂದ 8ರವರೆಗೆ ಪೆನ್ಸಿಲ್ ಇಟ್ಟು ಉದ್ದ ಕೇಳುವ ಪ್ರಶ್ನೆ ಇದೆಯೇ ನೋಡಿ. 8 ಎಂದರೆ ಮಗು ತುದಿಯ ಅಂಕಿ ಓದಿದೆ, 6 ಎಂದರೆ ಗೆರೆಗಳನ್ನು ಎಣಿಸಿದೆ. ಎಣಿಸಬೇಕಾದ್ದು ಗೆರೆಗಳ ನಡುವಿನ ಜಾಗ ಎಂದು ತಿಳಿದ ಮಗು 5 ಎನ್ನುತ್ತದೆ.

ಭಾಷೆಯ ಭಾಗದಲ್ಲಿ ಪುಟಗಳು ಹೇರಳ, ಕೆಲಸ ಕಡಿಮೆ. ಓದಿ ಉತ್ತರಿಸುವ ಪ್ರಶ್ನೆಗಳ ಗುಣ ಅಳೆಯಲು ಒಂದು ಉಪಾಯವಿದೆ. “ಮಿಣುಬು ಡೋರಪನ್ನು ತಸಿಯಿತು” ಎಂಬ ಅರ್ಥವಿಲ್ಲದ ಸಾಲು ಬರೆದು, “ಮಿಣುಬು ಏನನ್ನು ತಸಿಯಿತು?” ಎಂದು ಕೇಳಿ. ಓದು ಬಲ್ಲ ಯಾವ ಮಗುವೂ “ಡೋರಪನ್ನು” ಎಂದು ಬರೆದು ಪೂರ್ತಿ ಅಂಕ ಗಿಟ್ಟಿಸುತ್ತದೆ. ಏನೂ ಅರ್ಥವಾಗದೆಯೂ ಉತ್ತರಿಸಬಹುದಾದ ಇಂಥ ಪ್ರಶ್ನೆಗಳೇ ಪುಸ್ತಕದಲ್ಲಿ ತುಂಬಿದ್ದರೆ ಅದು ಓದಿನ ಅಭ್ಯಾಸವಲ್ಲ, ಸಾಲು ಹುಡುಕುವ ಅಭ್ಯಾಸ. ಪ್ರತಿ ಗದ್ಯದ ಕೆಳಗೆ ಒಂದಾದರೂ “ಅವನು ಹಾಗೇಕೆ ಮಾಡಿರಬಹುದು? ಯಾವ ಮಾತಿನಿಂದ ಗೊತ್ತಾಯಿತು?” ಎಂಬ ಬಗೆಯದ್ದು ಇರಬೇಕು. ಪುಟವೊಂದರಲ್ಲಿ ಐದಕ್ಕಿಂತ ಹೆಚ್ಚು ಪದ ಗೊತ್ತಿಲ್ಲದಿದ್ದರೆ ಆ ಗದ್ಯವನ್ನು ಮಗು ಒಂಟಿಯಾಗಿ ಓದಲಾರದು, ಜೊತೆಗೆ ಕೂತು ಓದಿ.

ಕಾಗುಣಿತ ಮತ್ತು ಒತ್ತಕ್ಷರಗಳಿಗೆ ಬಂದರೆ, 49 ಅಕ್ಷರಗಳನ್ನೂ ಮತ್ತೆ ಮೊದಲಿನಿಂದ ಬರೆಸುವ ಪುಸ್ತಕ ಈ ತರಗತಿಗೆ ಬೇಡ. ಈಗ ಬೇಕಾದ್ದು ಕಿವಿಯ ತರಬೇತಿ: ಕೊಡು–ಕೋಡು, ಹಳೆ–ಹಾಳೆ ಇಂಥ ಜೋಡಿಗಳನ್ನು ಹೇಳಿ ಬರೆಸುವುದು. ದೀರ್ಘ ಬಿಡುವ ಮಗು ಹೆಚ್ಚಾಗಿ ಬರೆಯುವಾಗ ತನ್ನಷ್ಟಕ್ಕೆ ಉಚ್ಚರಿಸಿಕೊಳ್ಳುವುದಿಲ್ಲ. ಮೆಲ್ಲಗೆ ಬಾಯಲ್ಲಿ ಹೇಳಿಕೊಂಡು ಬರೆಯಲು ಬಿಟ್ಟರೆ ಅರ್ಧ ತಪ್ಪು ಅಲ್ಲೇ ನಿಲ್ಲುತ್ತದೆ. ಅರ್ಕಾವತ್ತು ಮಾತ್ರ ಬೇರೆಯೇ ಜಾತಿಯ ತೊಡಕು. ‘ಸೂರ್ಯ’ದಲ್ಲಿ ಕಣ್ಣಿಗೆ ಮೊದಲು ಕಾಣುವುದು ಯ, ಅದರ ಮುಂದೆ ಅರ್ಕಾವತ್ತು. ಬಾಯಿಗೆ ಮೊದಲು ಬರಬೇಕಾದ್ದು ರ್. ಕಣ್ಣಿನ ಕ್ರಮವನ್ನೇ ನಂಬಿದ ಮಗು ‘ಸೂಯ್ರ’ ಎಂದು ಓದುತ್ತದೆ. ಸೂ + ರ್ + ಯ ಎಂದು ಬಿಡಿಸಿ ಬರೆಸಿ, ಆಮೇಲೆ ಕೂಡಿಸಿ ಬರೆಸುವ ಎರಡು ಕಾಲಂ ಅಭ್ಯಾಸ ಒಂದು ವಾರ ಮಾಡಿಸಿದರೆ ಇದು ಹಿಡಿತಕ್ಕೆ ಬರುತ್ತದೆ. ನೋಡಿ ಬರೆಯುವುದನ್ನು ಹತ್ತು ಸಲ ಮಾಡಿಸುವ ಪುಸ್ತಕಕ್ಕಿಂತ, ಅದೇ ಹತ್ತು ಪದವನ್ನು ಮರುದಿನ, ಮೂರನೆಯ ದಿನ, ಏಳನೆಯ ದಿನ ಉಕ್ತಲೇಖನ ಕೊಡುವ ಪುಸ್ತಕ ಮೇಲು.

ಸ್ವಂತ ಬರವಣಿಗೆಗೆ ಐದು ಗೆರೆ ಎಳೆದು ‘ನನ್ನ ಶಾಲೆ’ ಎಂದು ಬರೆದುಬಿಟ್ಟರೆ ಮಗು ಐದು ಒಣ ವಾಕ್ಯ ಬರೆದು ಏಳುತ್ತದೆ. ಮೊದಲು ಮಾತಾಡಿಸಿ, ಮೂರು ಪದ ಗುರುತು ಹಾಕಿಸಿ, ಒಂದು ಗೆರೆ ಬಿಟ್ಟು ಒಂದು ಗೆರೆಯಲ್ಲಿ ಬರೆಸಿ, ಜೋರಾಗಿ ಓದಿಸಿ. ಆಗ ಬಿಟ್ಟುಹೋದ ಮಾತು ಮಗುವಿಗೇ ಕೇಳಿಸುತ್ತದೆ, ಖಾಲಿ ಬಿಟ್ಟ ಗೆರೆಯಲ್ಲಿ ಅದನ್ನು ಸೇರಿಸುತ್ತದೆ. ಇದಕ್ಕೆ ಒಂದಿಡೀ ಪುಟ ಬೇಕು, ಕೊಡುವ ಪುಸ್ತಕ ವಿರಳ.

ಇನ್ನು ಪರಿಸರ ಅಧ್ಯಯನ. ಮೊಳಕೆಯ ಪಾಠವನ್ನೇ ತೆಗೆದುಕೊಳ್ಳಿ. “ಬೀಜ ಮೊಳೆಯಲು ಬೇಕು: ನೀರು, ಗಾಳಿ, ಬಿಸಿಲು” ಎಂದು ಬರೆದ ಪುಸ್ತಕ ಸಿಕ್ಕರೆ ಆಶ್ಚರ್ಯಪಡಬೇಡಿ. ಬೇಕಾದ್ದು ನೀರು, ಗಾಳಿ ಮತ್ತು ಹದವಾದ ಶಾಖ. ಬಹುತೇಕ ಕಾಳುಗಳಿಗೆ ಮೊಳೆಯಲು ಬೆಳಕು ಬೇಡ, ಮಣ್ಣಿನೊಳಗೆ ಕತ್ತಲಲ್ಲೇ ಅವು ಮೊಳೆಯುತ್ತವೆ. ಮಾಡಿ ನೋಡುವುದು ಸುಲಭ. ಬೀನ್ಸ್ ಕಾಳನ್ನು ರಾತ್ರಿಯಿಡೀ ನೆನೆಹಾಕಿ. ನಾಲ್ಕು ಲೋಟದಲ್ಲಿ ಹತ್ತಿ ಹಾಸಿ, ಒಂದೊಂದರಲ್ಲಿ ಐದು ಕಾಳು ಇಡಿ. ಮೊದಲನೆಯದು ಒದ್ದೆ ಹತ್ತಿ, ಬೆಳಕಿನಲ್ಲಿ. ಎರಡನೆಯದು ಒದ್ದೆ ಹತ್ತಿ, ಮುಚ್ಚಿದ ಕಪಾಟಿನಲ್ಲಿ. ಮೂರನೆಯದು ಒಣ ಹತ್ತಿ, ಅದರಲ್ಲಿ ನೆನೆಸದ ಕಾಳು. ನಾಲ್ಕನೆಯದರಲ್ಲಿ ಕಾಳು ಪೂರ್ತಿ ಮುಳುಗುವಷ್ಟು ನೀರು. ಒಂದೇ ಕಾಳು ಇಟ್ಟರೆ ಅದು ಸತ್ತ ಬೀಜವೋ, ನೀರಿಲ್ಲದ್ದಕ್ಕೆ ಮೊಳೆಯಲಿಲ್ಲವೋ ಗೊತ್ತಾಗುವುದಿಲ್ಲ, ಅದಕ್ಕೇ ಐದು. ಕತ್ತಲಿನ ಲೋಟದ ಮೊಳಕೆ ಬಿಳಿಚಿಕೊಂಡು, ಸಣಕಲಾಗಿ, ಬೆಳಕಿನದಕ್ಕಿಂತ ಎತ್ತರಕ್ಕೆ ಏಳುತ್ತದೆ. ಮುಳುಗಿದವು ಗಾಳಿಯಿಲ್ಲದೆ ಕೊಳೆತು ನಾರುತ್ತವೆ. ಈ ಪ್ರಯೋಗ ಕೆಡುವುದು ಸಾಮಾನ್ಯವಾಗಿ ರಜಾದಿನದಲ್ಲಿ: ಎರಡು ದಿನ ನೀರು ಹಾಕದೆ ಹತ್ತಿ ಒಣಗಿ, ಇಣುಕಿದ ಬೇರು ಕಪ್ಪಾಗುತ್ತದೆ. ಸೋಮವಾರ ಶುರು ಮಾಡಿದರೆ ಶುಕ್ರವಾರದೊಳಗೆ ಬೇರು ಕಾಣಿಸುವ ಸಂಭವ ಹೆಚ್ಚು. ಪುಸ್ತಕದಲ್ಲಿ ದಿನವೂ ಉದ್ದ ಬರೆಯುವ ಕೋಷ್ಟಕ ಇದ್ದರೆ ಅದೇ ಮಗುವಿನ ಮೊದಲ ಗ್ರಾಫ್ ಆಗುತ್ತದೆ, ಗಣಿತಕ್ಕೂ ವಿಜ್ಞಾನಕ್ಕೂ ಒಂದೇ ಪುಟ. ಇಂಥ ಪುಟವನ್ನು ಯೋಚಿಸಿ ಮಾಡಿದವರಿಗೆ ನಮ್ಮ ಮನಃಪೂರ್ವಕ ಮೆಚ್ಚುಗೆ.

ತಣ್ಣೀರು ತುಂಬಿದ ಲೋಟದ ಹೊರಗೆ ಹನಿ ಕಟ್ಟುವುದನ್ನು ಮಕ್ಕಳು “ಲೋಟ ಸೋರುತ್ತಿದೆ” ಎಂದೇ ನಂಬುತ್ತಾರೆ. ಬಾಯಿಪಾಠದಿಂದ ಈ ನಂಬಿಕೆ ಹೋಗದು. ಒಳಗಿನ ನೀರಿಗೆ ಕೆಂಪು ಬಣ್ಣ ಬೆರೆಸಿ, ಹೊರಗಿನ ಹನಿಯನ್ನು ಬಿಳಿ ಕಾಗದದಿಂದ ಒರೆಸಿ ತೋರಿಸಿ. ಕಾಗದಕ್ಕೆ ಬಣ್ಣ ಹತ್ತುವುದಿಲ್ಲ. ಪೆಟ್ಟಿಗೆಯ ಅಯಸ್ಕಾಂತದ ಜೊತೆ ಬರುವ ಪರೀಕ್ಷಾ ತುಂಡುಗಳಲ್ಲಿ ಕಬ್ಬಿಣ, ಪ್ಲಾಸ್ಟಿಕ್, ಮರ ಮಾತ್ರ ಇದ್ದರೆ ‘ಲೋಹವೆಲ್ಲ ಅಂಟುತ್ತದೆ’ ಎಂಬ ತಪ್ಪು ಗಟ್ಟಿಯಾಗುತ್ತದೆ. ಒಂದು ತಾಮ್ರದ ತಂತಿ, ಒಂದು ಅಲ್ಯೂಮಿನಿಯಂ ಹಾಳೆ ನೀವೇ ಸೇರಿಸಿ.

ನಕ್ಷೆಯ ಪಾಠದಲ್ಲಿ ಮಗು ಮೇಜನ್ನು ನಾಲ್ಕು ಕಾಲಿನ ಸಮೇತ ಬರೆಯುತ್ತದೆ. ಮೇಲಿನಿಂದ ನೋಡುವ ಕಣ್ಣು ಇನ್ನೂ ಬಂದಿಲ್ಲ. ಲೋಟ, ಡಬ್ಬಿ, ರಬ್ಬರ್ ಇವನ್ನು ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆಸಿ, ವಸ್ತುಗಳನ್ನು ಎತ್ತಿದರೆ ಉಳಿಯುವುದೇ ನಕ್ಷೆ. ದಿಕ್ಕು, ಸಂಕೇತ ಸೂಚಿ ಎಲ್ಲ ಅದಾದ ಮೇಲೆ. ಕಾಲರೇಖೆಗೆ ವರ್ಷಕ್ಕೆ 1 ಸೆಂ.ಮೀ. ಲೆಕ್ಕ ಹಿಡಿಯಿರಿ: ಮಗುವಿನದು 8 ಸೆಂ.ಮೀ., 62 ವರ್ಷದ ಅಜ್ಜಿಯದು 62 ಸೆಂ.ಮೀ. ಪುಸ್ತಕದ ಪುಟದೊಳಗೆ ಅಜ್ಜಿ ಹಿಡಿಸುವುದಿಲ್ಲ, ಉದ್ದ ದಾರ ಬೇಕು.

ಚಿತ್ರಕಲೆ, ದೈಹಿಕ ಶಿಕ್ಷಣದ ಪುಟಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅವು ಲೆಕ್ಕಕ್ಕಷ್ಟೇ ಇರುತ್ತವೆ. ಬಣ್ಣ ಬೆರೆಸುವಾಗ ಹಳದಿಗೆ ನೀಲಿಯನ್ನು ಹನಿಹನಿಯಾಗಿ ಸೇರಿಸಬೇಕು, ತಿರುಗಿಸಿ ಮಾಡಿದರೆ ಹಳದಿಯನ್ನು ಬಹಳ ಸುರಿಯುವವರೆಗೂ ಹಸಿರು ಕಪ್ಪುಗಟ್ಟಿಯೇ ಇರುತ್ತದೆ. ಸ್ಕಿಪ್ಪಿಂಗ್ ಹಗ್ಗದ ನಡುವೆ ಮಗು ನಿಂತಾಗ ಹಿಡಿಕೆಗಳು ಕಂಕುಳಿಗೆ ಬರಬೇಕು. ಇಷ್ಟು ಹೇಳಿದ್ದರೂ ಆ ಪುಟಗಳು ಸಾರ್ಥಕವಾಗುತ್ತಿದ್ದವು.

ಕಾಗದ, ಕಟ್ಟು ಇವನ್ನು ಕಡೆಗಣಿಸಬೇಡಿ. 70–80 ಜಿಎಸ್ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆಂಬ ಅಳತೆ) ಕಾಗದ ಪೆನ್ಸಿಲ್ ಒರೆಸಿದರೆ ತಡೆಯುತ್ತದೆ, ತೆಳು ನ್ಯೂಸ್‌ಪ್ರಿಂಟ್ ಎರಡನೇ ಸಲಕ್ಕೇ ಹರಿಯುತ್ತದೆ. ಅಂಟಿನ ಬೈಂಡಿಂಗ್ ಪುಸ್ತಕ ಮಟ್ಟಸವಾಗಿ ತೆರೆದುಕೊಳ್ಳದೆ, ಮಗು ಒಂದು ಕೈಯಿಂದ ಪುಟ ಒತ್ತಿ ಹಿಡಿದೇ ಬರೆಯಬೇಕಾಗುತ್ತದೆ. ಸುರುಳಿ ಬೈಂಡಿಂಗ್ ವಾಸಿ, ಆದರೆ ಎಡಗೈ ಮಕ್ಕಳಿಗೆ ಬಲಪುಟದಲ್ಲಿ ಬರೆಯುವಾಗ ತಂತಿ ಮಣಿಕಟ್ಟಿಗೆ ಒತ್ತುತ್ತದೆ. ಅವರಿಗೆ ಮೇಲ್ತುದಿಯಲ್ಲಿ ಸುರುಳಿ ಇರುವುದೇ ಸರಿ. ಕನ್ನಡದ ಗೆರೆಗಳ ನಡುವೆ ಒತ್ತಕ್ಷರ ಕೂರಲು ಜಾಗ ಬಿಟ್ಟಿರಬೇಕು. ‘ಸ್ತ್ರೀ’ ಬರೆದು ನೋಡಿ. ಎರಡು ಒತ್ತು ಕೆಳಗೆ, ಗುಡಿಸಿನ ದೀರ್ಘ ಪಕ್ಕಕ್ಕೆ, ಇಷ್ಟೂ ಕೆಳಗಿನ ಸಾಲಿಗೆ ತಾಗದೆ ಹಿಡಿಸಿದರೆ ಆ ಪುಟ ಪಾಸು.

ಬಳಸುವ ರೀತಿ ಹೀಗಿರಲಿ. ಟರ್ಮ್ 12 ವಾರ, ಪುಸ್ತಕ 150 ಪುಟ ಎಂದಿಟ್ಟುಕೊಂಡರೆ ವಾರಕ್ಕೆ ಹನ್ನೆರಡೂವರೆ ಪುಟ ಬೀಳುತ್ತದೆ. ಹಾಗೆ ಸಮನಾಗಿ ಹಂಚಬೇಡಿ. ಕೊನೆಯಲ್ಲಿರುವ ಮೌಲ್ಯಮಾಪನ ಪುಟದ ಜೆರಾಕ್ಸ್ ತೆಗೆದು ಮೊದಲ ವಾರವೇ ಮಾಡಿಸಿ, ಅಂಕ ಹಾಕದೆ. ಸರಿಯಾದ ಭಾಗಗಳ ಅಭ್ಯಾಸ ಪುಟಗಳಲ್ಲಿ ಅರ್ಧವನ್ನು ಬಿಟ್ಟುಬಿಡಿ, ತಪ್ಪಿದ ಭಾಗಕ್ಕೆ ತುಂಡು, ಪಟ್ಟಿ, ಲೋಟ ಹಿಡಿದು ಕೂರಿ. ದಿನಕ್ಕೆ 20–25 ನಿಮಿಷ ಮೀರದಿರಲಿ, ಆಮೇಲೆ ಬರುವ ತಪ್ಪುಗಳು ದಣಿವಿನವು. ಹಳೆಯ ಪಾಠದ ಎರಡು ಲೆಕ್ಕ, ಒಂದು ಪದ ಪ್ರತಿದಿನವೂ ಸೇರಲಿ. ಪುಸ್ತಕಗಳು ಅಧ್ಯಾಯ ಮುಗಿದ ಮೇಲೆ ಹಿಂದಿರುಗಿ ನೋಡುವುದೇ ಇಲ್ಲ, ಆ ಕೊರತೆಯನ್ನು ದೊಡ್ಡವರೇ ತುಂಬಬೇಕು.

ಶಾಲೆಯಲ್ಲಿ ವಿಷಯಕ್ಕೊಂದರಂತೆ ಅಭ್ಯಾಸ ಪುಸ್ತಕ ಈಗಾಗಲೇ ಇದ್ದರೆ ಇನ್ನೊಂದು ಟರ್ಮ್ ವರ್ಕ್‌ಬುಕ್ ಬೇಡ, ಘನ ತುಂಡುಗಳ ಡಬ್ಬಿಯೊಂದನ್ನೇ ಕೊಳ್ಳಿ. ಊರು ಬದಲಾಯಿಸಿ ಟರ್ಮ್‌ನ ನಡುವೆ ಸೇರಿದ, ಕಾಯಿಲೆಯಿಂದ ಹಲವು ವಾರ ಶಾಲೆ ತಪ್ಪಿಸಿಕೊಂಡ ಮಗುವಿಗೆ ಮಾತ್ರ ಇದನ್ನು ಧಾರಾಳವಾಗಿ ಸೂಚಿಸುತ್ತೇವೆ. ಎಲ್ಲಿ ಏನು ಬಿಟ್ಟುಹೋಗಿದೆ ಎಂದು ಒಂದೇ ಕಡೆ ಕಾಣಿಸುವ ಅನುಕೂಲ ಬಿಡಿ ಪುಸ್ತಕಗಳಲ್ಲಿ ಸಿಗುವುದಿಲ್ಲ.